ಮಾವನ ಕೂಗುಡಬ್ಬಿ

ನಮ್ಮ ಸೋದರಮಾವನ ದನಿಯನ್ನು ಕಿವಿಯಾರೆ ಕೇಳಿದ್ದೇನೆ ಎಂದು ಎದೆ ತಟ್ಟಿ ಹೇಳುವ ಒಬ್ಬ ಮನುಷ್ಯನೂ ಇಡೀ ಚನ್ನಗಿರಿಯಲ್ಲಿ ಇರಲಿಲ್ಲ. ಹೆಣ್ಣು ನೋಡಲು ಹೋದಾಗ ಅವನು ಒಪ್ಪಿಗೆ ಅಂದದ್ದು ಯಾರಿಗೂ ಕೇಳಿಸದೆ, ಬೀಗರು ಇನ್ನೊಂದು ತಟ್ಟೆ ಅವಲಕ್ಕಿ ಕೊಟ್ಟು ಮತ್ತೆ ಕೇಳಬೇಕಾಯಿತಂತೆ. ಅಂಥವನ ಉದ್ಯೋಗ ಏನು ಗೊತ್ತೇ? ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೂಗುವುದು!

ಆ ಕೆಲಸ ಮೊದಲು ನಮ್ಮ ಅಜ್ಜನದು. ಅಜ್ಜ ಖಾಸಗಿ ಬಸ್ಸಿನ ಏಜೆಂಟ್. "ಹೊನ್ನಾಳಿ, ಗೋವಿನಕೋವಿ, ನ್ಯಾಮತೀ..." ಎಂದು ಅವನು ಒಮ್ಮೆ ಎಳೆದರೆ, ಸಂತೆಯಲ್ಲಿ ಮೆಣಸಿನಕಾಯಿ ಚೌಕಾಸಿ ಮಾಡುತ್ತಿದ್ದವರು ಅರ್ಧಕ್ಕೇ ಬಿಟ್ಟು ಓಡಿಬರುತ್ತಿದ್ದರು. ಬಸ್ಸು ತುಂಬಿ ಕಂಡಕ್ಟರ್ "ರೈಟ್" ಅನ್ನುವ ತನಕ ಏಜೆಂಟ್ ಬಾಯಿ ಮುಚ್ಚಬಾರದು ಎನ್ನುವುದು ಅವನ ವ್ರತ. ಅಂಥವನಿಗೆ ಲಕ್ವ ಹೊಡೆದು, ಹಾಸಿಗೆ ಹಿಡಿದು, ದನಿಯೇ ಹೊರಟುಹೋಯಿತು. ಹಗಲೂ ರಾತ್ರಿ ತುಟಿ ಮಾತ್ರ ಅಲ್ಲಾಡುತ್ತಿತ್ತು. ಕಣ್ಣಿಗೆ ನಿದ್ದೆಯಿಲ್ಲ. ಶಿವನಾಮ ಜಪಿಸುತ್ತಿದ್ದಾನೆ ಎಂದುಕೊಂಡು ಅಜ್ಜಿ ಪಕ್ಕದಲ್ಲಿ ಊದುಬತ್ತಿ ಹಚ್ಚಿಡುತ್ತಿದ್ದಳು.

ಬಸ್ಸಿನ ಸಾಹುಕಾರರು ಹಳೆಯ ವಿಶ್ವಾಸಕ್ಕೆ ಕೆಲಸವನ್ನು ಮಾವನಿಗೆ ಕೊಟ್ಟರು. ಮನೆಯ ಒಲೆ ಉರಿಯುತ್ತಿದ್ದುದೇ ಅದರಿಂದ. ನಾನು ಆಗಷ್ಟೇ ಊರಿನ ಶಾಲೆಗೆ ಮೇಡಂ ಆಗಿ ಬಂದು ಮಾವನ ಮನೆಯಲ್ಲೇ ಇದ್ದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಾವ ಪಾಪ, ಕುತ್ತಿಗೆಯ ನರ ಉಬ್ಬಿಸಿ ಕೂಗುತ್ತಿದ್ದ. ಪಕ್ಕದಲ್ಲಿ ನಿಂತವರು ಆಕಳಿಸುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು. ಕೊನೆಗೆ ಸಾಹುಕಾರರು ಹೇಳಿಯೇಬಿಟ್ಟರು: "ದೀಪಾವಳಿಯೊಳಗೆ ಬಸ್ಸು ತುಂಬಲಿಲ್ಲ ಅಂದ್ರೆ ನಾನು ಬ್ಯಾರೆ ಗಂಟಲು ನೋಡ್ಕಂತೀನಪ್ಪ."

ದೊಡ್ಡ ಮೈಕು ಕಟ್ಟಲು ಸ್ಟ್ಯಾಂಡಿನಲ್ಲಿ ಬಿಡುತ್ತಿರಲಿಲ್ಲ. ಒಬ್ಬ ಏಜೆಂಟ್ ಕಟ್ಟಿದರೆ ಎಲ್ಲರೂ ಕಟ್ಟುತ್ತಾರೆ, ಆಮೇಲೆ ಊರಿನವರು ಎಲ್ಲಿಗೆ ಹೋಗಬೇಕು? ಮಾವ ಯೋಚಿಸಿದ. ಕೆಟ್ಟುಹೋದ ಪಾಕೆಟ್ ರೇಡಿಯೋದ ಅಂಗೈ ಅಗಲದ ಸ್ಪೀಕರನ್ನು ಕಿತ್ತು, ಅತ್ತೆಯ ತವರಿನ ಅಲ್ಯೂಮಿನಿಯಂ ಊಟದ ಡಬ್ಬಿಯೊಳಗೆ ಕೂರಿಸಿ, ಟಾರ್ಚಿನ ಸೆಲ್ಲು ಹಾಕಿ, ವೈರಿನ ತುದಿಗೆ ಒಂದು ಪುಟ್ಟ ಮೈಕು ಸಿಕ್ಕಿಸಿ, ಕೊರಳಿಗೆ ನೇತುಹಾಕಿಕೊಂಡ. ಅತ್ತೆ ಮೂರು ದಿನ ಮಾತು ಬಿಟ್ಟಳು. ಮಾವನ ಕಡೆಯಿಂದ ಹೆಚ್ಚಿನ ವ್ಯತ್ಯಾಸವೇನೂ ಆಗಲಿಲ್ಲ.

ಗಂಡಸಿನ ಕೂಗು ದೂರ ಮುಟ್ಟಬೇಕಾದರೆ ದಪ್ಪಗಿರಬೇಕು ಎಂಬುದು ಅವನ ಮೊದಲ ಸಿದ್ಧಾಂತ. ಡಬ್ಬಿಗೆ ಹೇಗೋ ದಪ್ಪ ದನಿ ಕೊಟ್ಟ. ಮಾರನೆಯ ದಿನ ಸ್ಟ್ಯಾಂಡಿನಲ್ಲಿ ಅವನು "ಹೊನ್ನಾಳಿ" ಅಂದರೆ ಡಬ್ಬಿ ಗೊರಗೊರ ಅಂದಿತು, "ನ್ಯಾಮತಿ" ಅಂದರೆ ಚಟಪಟ ಅಂದಿತು. ಒಬ್ಬ ಮುದುಕಿ ಸೆರಗು ಒಡ್ಡಿ ಹತ್ತಿರ ಬಂದಳು.

"ಕಡ್ಲೆಕಾಯಿ ಹುರಿಯಾಕೆ ಹತ್ತೀಯೇನಪ್ಪ? ನಂಗೂ ಒಂದ್ ಪಾವು ಹಾಕು."

ಮಾವ ಸೋಲಲಿಲ್ಲ. ರಜೆ ಸಿಕ್ಕಾಗೆಲ್ಲ ಹೊನ್ನಾಳಿಯ ರೇಡಿಯೋ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಕೂತು, ಆ ಅಂಗಡಿಯವನ ತಲೆ ತಿಂದು, ಏನೇನೋ ಕಲಿತುಬಂದ. ಒಂದು ಸಂಜೆ ಊಟಕ್ಕೆ ಕೂತಾಗ ನನಗೆ ವಿವರಿಸಿದ.

"ಸಣ್ಣ ಸ್ಪೀಕರು ದಪ್ಪ ದನಿ ಹೊರಾಕೆ ಹೋಗಿ ಸುಸ್ತಾಗ್ತೈತೆ. ಮಾತಿಗೆ ಶಕ್ತಿನೇ ಉಳಿಯಂಗಿಲ್ಲ. ಅದಕ್ಕೇ ದಪ್ಪಂದು ತೆಗೆದುಹಾಕಿದೆ. ಇನ್ನ ಉಳಿದಿದ್ದು ಸೇರಿನಾಗೆ ಕಾಳು ಅಳೆದಂಗೆ. ದನಿ ಗೋಪುರದಂಗೆ ಏರಿದ್ರೆ ಕೈಯಾಗೆ ಸವರಬೇಕು, ತಗ್ಗಿದ್ರೆ ತುಂಬಬೇಕು. ಈಗ ಡಬ್ಬಿ ಅದನ್ನ ತಾನೇ ಮಾಡ್ತೈತೆ. ಯಾವಾಗ್ಲೂ ಬಾಯಿಮಟ್ಟ ಇದ್ರೆ ಸಣ್ಣ ಸೇರೂ ದೊಡ್ಡದು ಕಾಣ್ತೈತೆ."

ಇಷ್ಟನ್ನು ಕೇಳಿಸಿಕೊಳ್ಳಲು ನಾನು ಅವನ ಬಾಯಿಗೇ ಕಿವಿ ಹಚ್ಚಿ ಕೂತಿದ್ದೆ. ಸಾರು ಆರಿಹೋಯಿತು.

ಆದರೆ ಡಬ್ಬಿ ಗೆದ್ದಿತು! ಯಾರೋ ಮೂಗು ಹಿಡಿದುಕೊಂಡು ಮಾತಾಡಿದಂತಿದ್ದರೂ ಅಕ್ಷರ ಅಕ್ಷರವೂ ಸ್ಟ್ಯಾಂಡಿನ ಮೂಲೆ ಮೂಲೆಗೆ ಮುಟ್ಟುತ್ತಿತ್ತು. ಆ ದನಿಗೆ ಮರುಳಾಗಿ ಜಗಳೂರಿಗೆ ಹೋಗಬೇಕಾದವರೂ ನಮ್ಮ ಬಸ್ಸು ಹತ್ತಿ ಕೂತು, ಟಿಕೆಟ್ ಕೇಳಿದಾಗ ಇಳಿದುಹೋಗುತ್ತಿದ್ದರು. ಬಸ್ಸು ತುಂಬತೊಡಗಿತು. ಸಾಹುಕಾರರು ಮಾವನ ಬೆನ್ನು ತಟ್ಟಿದರು. ನಮ್ಮ ಮನೆಯಲ್ಲಿ ಬಹಳ ದಿನಗಳ ಮೇಲೆ ಹೋಳಿಗೆಯಾಯಿತು.

ಡಬ್ಬಿಗಿದ್ದ ಒಂದು ದುರ್ಗುಣ ಮಾತ್ರ ಮಾವನ ಗಮನಕ್ಕೆ ಬಂದಿರಲಿಲ್ಲ. ಅವನು ಸುಮ್ಮನಾದ ಕೂಡಲೇ ಅದು ಸೇರು ಖಾಲಿಯಾಯಿತೆಂದು ತಿಳಿದು, ಸುತ್ತಲಿನ ಪಿಸುಮಾತನ್ನೆಲ್ಲ ಬಾಚಿ ತುಂಬಿಕೊಳ್ಳುತ್ತಿತ್ತು. ಹಬ್ಬದ ಹಿಂದಿನ ವಾರ ಬಸ್ಸು ಕಿಕ್ಕಿರಿದಿತ್ತು. ಮಾವ ಡಬ್ಬಿಯನ್ನು ಆರಿಸದೆ ಬಾನೆಟ್ಟಿನ ಪಕ್ಕ ತೂಗುಹಾಕಿ ಚಹಾಕ್ಕೆ ಹೋದ. ಆಗಲೇ ಸಾಹುಕಾರರು ಅಲ್ಲಿಗೆ ಬಂದು ಡ್ರೈವರನ ಕಿವಿಯಲ್ಲಿ ಗುಟ್ಟು ಹೇಳಿದರು. ಅದು ಇಡೀ ಸ್ಟ್ಯಾಂಡಿಗೆ ಕೇಳಿಸಿತು.

"ಹಿಂದಿನ ಟೈರು ತಡೀತೈತೋ ಇಲ್ವೋ ದೇವ್ರಿಗೇ ಗೊತ್ತು. ಇದೊಂದು ಟ್ರಿಪ್ಪು ಮೆಲ್ಲಕೆ ಹೊಡಕಂಡು ಬಾ."

ಕೋಳಿಬುಟ್ಟಿ ಸಮೇತ ಬಸ್ಸು ಖಾಲಿಯಾಯಿತು. ಕೊನೆಗೆ ಇಳಿದವನು ಡ್ರೈವರ್. ಸಾಹುಕಾರರು ಮಾವನ ಕೈಗೆ ಡಬ್ಬಿ ಕೊಟ್ಟು, "ಇದನ್ನ ತಗಂಡು ಮನೆಗೆ ನಡಿ. ಸಂಜೆ ಬಂದು ನಿಮ್ಮಪ್ಪಂಗೇ ಮಾತು ಹೇಳ್ತೀನಿ" ಎಂದರು.

ಮಾವ ಮನೆಗೆ ಬಂದ. ಡಬ್ಬಿಯನ್ನು ಗೂಟಕ್ಕೆ ನೇತುಹಾಕಿ, ಉದ್ದನೆಯ ವೈರನ್ನು ಮೈಕಿನ ಸಮೇತ ಅಜ್ಜನ ದಿಂಬಿನ ಮೇಲೆ ಎಸೆದು, ಸಂಜೆಯ ತನಕ ಮಂಚದ ಕಾಲಿಗೆ ಒರಗಿ ಕೂತಿದ್ದ. ಸಾಹುಕಾರರು ಬಂದರು. ಅಜ್ಜನನ್ನು ನೋಡಿದರು. ಹೇಳಬೇಕೆಂದು ಬಂದದ್ದನ್ನು ಬಿಟ್ಟು ಸುಮ್ಮನೆ ನಿಂತರು. ಅಜ್ಜಿ ಸುಮ್ಮನಿದ್ದಳು, ಅತ್ತೆ ಸುಮ್ಮನಿದ್ದಳು. ಡಬ್ಬಿಯನ್ನು ಮಾವ ಅವತ್ತೂ ಆರಿಸಿರಲಿಲ್ಲ. ಅಷ್ಟು ಮೌನ ಸಿಕ್ಕಿದ್ದೇ ಅದು ಉಸ್ ಎಂದು ಏರತೊಡಗಿತು. ಏರಿ ಏರಿ, ಗೂಟದ ಮೇಲಿಂದ ಒಂದು ಮಾತು ಬಂತು.

"ಹೊನ್ನಾಳಿ... ಗೋವಿನಕೋವಿ... ನ್ಯಾಮತಿ... ಸೀಟ್ ಐತೆ, ಬರ್ರಿ... ಹೊನ್ನಾಳಿ..."

ಅಜ್ಜಿಯ ಕೈಯಿಂದ ಊದುಬತ್ತಿ ಜಾರಿತು. ಶಿವನಾಮವಲ್ಲ! ಇಷ್ಟು ತಿಂಗಳೂ ಅಜ್ಜ ಬಸ್ಸು ತುಂಬಿಸುತ್ತಿದ್ದ. ತುಂಬಿತು ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಮಾವ ಎದ್ದ. ಅಜ್ಜನ ಕಿವಿಯ ಹತ್ತಿರ ಬಗ್ಗಿ, ತನ್ನ ಆ ಇರುವೆಯಂಥ ದನಿಯಲ್ಲೇ ಹೇಳಿದ. ಮೈಕು ಅಲ್ಲೇ ಇದ್ದದ್ದರಿಂದ ನಮಗೂ ಕೇಳಿಸಿತು.

"ಅಪ್ಪಾ, ಬಸ್ಸು ತುಂಬ್ತು. ಎಲ್ರೂ ಹತ್ತ್ಯಾರೆ. ರೈಟ್."

ಅಜ್ಜನ ತುಟಿ ನಿಂತಿತು. ಕಣ್ಣುಗಳು ಮುಚ್ಚಿದವು. ಅಜ್ಜಿ ಗಾಬರಿಯಿಂದ ಅವನ ಮೂಗಿನ ಹತ್ತಿರ ಕೈ ಹಿಡಿದಳು. ಅಷ್ಟರಲ್ಲಿ ಡಬ್ಬಿಯಿಂದ ಗೊರಕೆ ಕೇಳಿಬಂತು, ತೆಳ್ಳಗೆ, ಮನೆತುಂಬ. ಅಜ್ಜಿ ಅಳುತ್ತಲೇ ನಕ್ಕುಬಿಟ್ಟಳು.

ಸಾಹುಕಾರರು ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದರು. "ಟೈರು ಬಿಚ್ಚಿಸಿ ನೋಡಿದೆ ಕಣಪ್ಪ. ಹೊನ್ನಾಳಿ ಮುಟ್ತಿರಲಿಲ್ಲ. ಹೊಸಾದು ಹಾಕ್ಸೀನಿ, ನಾಳೆ ಬೆಳಿಗ್ಗೆ ಬಾ" ಎಂದರು. ಬಾಗಿಲಲ್ಲಿ ನಿಂತು, "ಚಾ ಕುಡಿಯಾಕೆ ಹೋದಾಗ ಆ ಡಬ್ಬಿ ಆರಿಸು" ಎಂದು ಸೇರಿಸಿದರು.

ಮಾವ ತಲೆಯಾಡಿಸಿ ಡಬ್ಬಿ ಆರಿಸಲು ಕೈ ಎತ್ತಿದ. ಅಜ್ಜಿ ಆ ಕೈಯನ್ನು ಹಿಡಿದುಕೊಂಡಳು.

"ಇರ್ಲಿ ಬಿಡು. ಇನ್ನೊಂದ್ ಸ್ವಲ್ಪ ಕೇಳ್ತೀನಿ."