ಚಳಿಗಾಲಕ್ಕೆ ಕಾದ ಮೊಟ್ಟೆಗಳು

ಮಲಗಿದವರನ್ನು ಎಬ್ಬಿಸುವಂಥ ದಂಡದ ಕೆಲಸ ಇನ್ನೊಂದಿಲ್ಲ. ಎಬ್ಬಿಸಿಕೊಂಡವರು ಯಾರೂ ನಿಮ್ಮನ್ನು ಹರಸುವುದಿಲ್ಲ. ಮೇಷ್ಟರಾದ ನನಗೆ ಇದು ಚೆನ್ನಾಗಿ ಗೊತ್ತು. ಊಟವಾದ ಮೇಲಿನ ಪೀರಿಯಡ್ಡು ಸದಾ ನನ್ನ ಪಾಲಿಗೇ ಬೀಳುತ್ತಿತ್ತು. ಆದರೂ ಗದರಿದರೆ ಹುಡುಗರು ಕಣ್ಣಾದರೂ ಬಿಡುತ್ತಿದ್ದರು. ಗದರಿಕೆಗೂ ಜಗ್ಗದ ನಿದ್ದೆಯನ್ನು ನಾನು ಕಂಡದ್ದು ರೇಷ್ಮೆಹುಳುವಿನ ಮೊಟ್ಟೆಯಲ್ಲಿ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹುತ್ತೂರಿನ ಹತ್ತಿರದ ನಮ್ಮ ಮನೆಯಲ್ಲಿ ಅಮ್ಮ ಮೊದಲಿನಿಂದಲೂ ಹಳದಿ ಗೂಡಿನ ನಾಡಹುಳು ಸಾಕುತ್ತಿದ್ದಳು. ಅದರ ಮೊಟ್ಟೆಗೆ ಮಳೆಗಾಲ, ಬೇಸಗೆ ಎಂಬ ಭೇದವಿಲ್ಲ. ಯಾವಾಗ ಇಟ್ಟರೂ ಬೇಗ ಹುಳು ಹೊರಡುತ್ತಿತ್ತು. ಆ ವರ್ಷ ನನ್ನ ಒತ್ತಾಯಕ್ಕೆ ಹೊರದೇಶದ ಬಿಳಿ ಗೂಡಿನ ಜಾತಿ ತರಿಸಿದೆವು. ಗೂಡುಗಳು ಎಷ್ಟು ದಪ್ಪ ಬಂದವೆಂದರೆ ಊರೇ ನೋಡಲು ಬಂತು. "ಮೊಟ್ಟೆಗೆ ಮತ್ತೆ ಯಾಕೆ ಅಲೀಬೇಕು?" ಎಂದು ನಾನು ಒಂದಿಷ್ಟು ಗೂಡು ಉಳಿಸಿಕೊಂಡು, ಚಿಟ್ಟೆ ಬಂದ ಮೇಲೆ ಮನೆಯಲ್ಲೇ ಮೊಟ್ಟೆ ಇಡಿಸಿದೆ. ಆ ಮುಂದಿನ ಬೆಳೆಯ ದುಡ್ಡಿನ ಮೇಲೆಯೇ ತಂಗಿ ಸರೋಜಳ ಮದುವೆ ನಿಂತಿತ್ತು.

ಮೊಟ್ಟೆಗಳು ಬೇಗನೆ ಕಪ್ಪಗಾದವು. ಹಳದಿ ಜಾತಿಯಲ್ಲಿ ಮೊಟ್ಟೆ ಕಪ್ಪಾಯಿತೆಂದರೆ ಇನ್ನೇನು ಹುಳು ಬಂತೆಂದೇ ಅರ್ಥ. ನಾನು ಮನೆಯಲ್ಲಿ ತುರ್ತುಪರಿಸ್ಥಿತಿ ಘೋಷಿಸಿದೆ. ಹುಳುವಿಗೆ ಘಾಟು ಆಗದೆಂದು ಒಗ್ಗರಣೆ ಬಂದ್. ಅಪ್ಪನ ಬೀಡಿ ಕೆರೆ ಏರಿಗೆ ಗಡೀಪಾರು. ದಿನ ಕಳೆಯಿತು, ವಾರಗಳು ಕಳೆದವು, ಮೊಟ್ಟೆ ಮಿಸುಕಲಿಲ್ಲ. ತೋಟದ ಹಿಪ್ಪುನೇರಳೆ ಸೊಪ್ಪು ಬಲಿತು ಹಣ್ಣಾಯಿತು. ಒಗ್ಗರಣೆ ಕಾಣದ ಸಾರು ಉಂಡೂ ಉಂಡೂ ಅಪ್ಪ ನನ್ನ ಜೊತೆ ಮಾತು ಬಿಟ್ಟರು. ಪಕ್ಕದ ಮನೆಯ ಚೌಡಪ್ಪ ಇಣುಕಿ ನೋಡಿ, "ಏಮಪ್ಪಾ ಮೇಷ್ಟ್ರೇ, ಮೊಟ್ಟೆಗೂ ಪಾಠ ಮಾಡ್ಬಿಟ್ಟಾ? ಎಲ್ಲಾ ಮಲ್ಗವೆ!" ಎಂದ.

ಕೊನೆಗೆ, ಮುಳಬಾಗಿಲಿನ ಕಡೆ ರೇಷ್ಮೆ ಮೊಟ್ಟೆ ತಯಾರಿಸುವ ಕೇಂದ್ರದಲ್ಲಿ ಕೆಲಸಕ್ಕಿದ್ದ ನನ್ನ ಹೆಂಡತಿಯ ಅಣ್ಣ ಬಂದರು. ಮೊಟ್ಟೆಗಳನ್ನು ಬೆಳಕಿಗೆ ಹಿಡಿದು, "ಸತ್ತಿಲ್ಲ ಕಣಪ್ಪಾ. ಚಳಿಗಾಲಕ್ಕೆ ಕಾಯ್ತಾ ಇದಾವೆ" ಎಂದರು.

"ಅಂಥಾ ಚಳಿ ನಮ್ಮೂರಲ್ಲಿ ಎಲ್ಲಿದೆ ಭಾವ?"

"ಅದು ನಿಂಗೊತ್ತು. ಅವಕ್ಕೇನು ಗೊತ್ತು?"

ಅವರು ವಿವರಿಸಿದ್ದು ಇಷ್ಟು. ಈ ಜಾತಿಯ ತವರಿನಲ್ಲಿ ಚಳಿಗೆ ಗಿಡವೆಲ್ಲ ಬೋಳಾಗುತ್ತದೆ. ಆತುರಪಟ್ಟು ಒಡೆದ ಮೊಟ್ಟೆಯ ಹುಳುಗಳು ಎಲೆಯಿಲ್ಲದೆ ಸತ್ತವು. ಚಿಗುರು ಬರುವತನಕ ಮಲಗಿದ್ದವು ಉಳಿದವು. ಉಳಿದವುಗಳ ಸಂತತಿಗೆ, ಸಾವಿರಾರು ತಲೆಮಾರು ದಾಟಿ, ನಿದ್ದೆಯೇ ಆಸ್ತಿಯಾಗಿ ಬಂತು. ತಾಯಿ ತಾನು ಮೊಟ್ಟೆಯೊಳಗಿದ್ದಾಗ ಕಂಡ ಬೆಳಕು, ಸೆಕೆಗಳ ಮೇಲೆ ಮಕ್ಕಳು ಮಲಗಬೇಕೋ ಏಳಬೇಕೋ ಎಂಬುದು ತೀರ್ಮಾನವಾಗುತ್ತದಂತೆ. ವರ್ಷವಿಡೀ ಸೊಪ್ಪು ಕಂಡ ನಮ್ಮ ಹಳದಿ ಹುಳುವಿಗೆ ಆ ಚಿಂತೆಯೇ ಇಲ್ಲ. ಮೊಟ್ಟೆ ಇಟ್ಟ ಹೊಸದರಲ್ಲೇ, ಕೇಂದ್ರದಲ್ಲಿ ಮಾಡುವ ಹಾಗೆ, ಹದವಾದ ಆಸಿಡ್ಡಿನಲ್ಲಿ ಅದ್ದಿದ್ದರೆ ಎದ್ದುಬಿಡುತ್ತಿದ್ದವು. ಈಗ ಹೊತ್ತು ಮೀರಿತ್ತು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸರೋಜ, "ಹಂಗಾದ್ರೆ ನನ್ ಮದ್ವೆಗೂ ಚಳಿ ಬೀಳ್ಬೇಕೇನಣ್ಣಾ?" ಎಂದಳು. ನಗುತ್ತಲೇ ಕೇಳಿದ್ದು. ಆದರೆ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಮದುವೆ ಮುಂದಕ್ಕೆ ಹೋಯಿತು. ಸೊಪ್ಪು ಹಸುಗಳ ಪಾಲಾಯಿತು.

ಪುಷ್ಯಮಾಸದಲ್ಲಿ, ನಮ್ಮೂರಿನ ಅಷ್ಟಿಷ್ಟು ಚಳಿಯೇ ಸಾಕೆಂದುಕೊಂಡು, ತೋಟ ಸವರಿ ಬರೀ ಮೋಟು ನಿಂತಿದ್ದಾಗ, ಹುಳುಗಳು ಎದ್ದವು. ಇವತ್ತು ಒಂದು ಚಿಟಿಕೆ, ನಾಳೆ ಇನ್ನೊಂದು ಚಿಟಿಕೆ. ಅಮ್ಮ ಕ್ಯಾಲನೂರಿನ ತನಕ ಹೋಗಿ ಸೊಪ್ಪು ಬೇಡಿ ತಂದಳು. ಸಾಲಲಿಲ್ಲ. ತಲೆಯೆತ್ತಿ ಎಲೆ ಹುಡುಕುತ್ತಲೇ ಅವು ಒಂದೊಂದಾಗಿ ಹೋದವು. ಅಮ್ಮ ಹುಳುವಿನ ತಟ್ಟೆಯ ಮುಂದೆ ಕೂತು ಅತ್ತಳು.

"ಮದ್ವೆ ನಿಂತಾಗ್ಲೂ ಅಳ್ಲಿಲ್ವಲ್ಲಮ್ಮಾ" ಎಂದೆ.

"ಮದ್ವೆ ಇವತ್ತಲ್ಲ ನಾಳೆ ಆಗ್ತದೆ ಕಣೋ. ಇವು ಪಾಪ, ಅಷ್ಟು ಕಾದು ಹುಟ್ಟಿದ್ವಲ್ಲೋ" ಎಂದಳು.

ಆ ಬೇಸಗೆಯಲ್ಲಿ ಅಮ್ಮನ ಹಳದಿ ಹುಳುಗಳೇ ಸರೋಜಳ ಮದುವೆ ಮಾಡಿದವು. ಅಂದಿನಿಂದ ಬೆಳೆ ಶುರುವಾದಾಗ ಅಮ್ಮ ಮನೆಯವರಿಗೆಲ್ಲ ಒಂದೊಂದು ಕೆಲಸ ಹಂಚುತ್ತಾಳೆ. ನನಗೆ ಕೊಟ್ಟಿರುವ ಕೆಲಸ, ಹುಳು ಸಾಕುವ ಕೋಣೆಯ ಕಡೆ ಸುಳಿಯದೆ ಇರುವುದು. ಅದನ್ನು ಮಾತ್ರ ನಾನು ಬಹಳ ಚೆನ್ನಾಗಿ ಮಾಡುತ್ತೇನಂತೆ.