ಎರಡನೇ ಕೊಂಬು

ಮೈಸೂರು ಸೀಮೆಯಲ್ಲಿ ಈವರೆಗೆ ಯಾರೂ ಮಾಡದಂಥ ವೈನನ್ನು ಮಾಡಿಯೇ ತೀರುತ್ತೇನೆ ಎಂದು ನಾನು ಪ್ರತಿಜ್ಞೆ ಮಾಡಿದ್ದು ಐವತ್ತೆಂಟನೇ ಇಸವಿಯಲ್ಲಿ, ದಸರಾ ರಜ ಮುಗಿದ ಮೊದಲ ದಿನ, ಎರಡನೇ ಲೋಟ ಕಾಫಿಯ ಅಮಲಿನಲ್ಲಿ. ಕಾಫಿಗಿಂತ ಹೆಚ್ಚಿನ ಅಮಲು ನಾನು ಕಂಡವನಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಸರ್ವೆ ಆಫೀಸಿನಲ್ಲಿ ಗುಮಾಸ್ತಿಕೆ. ವೈನು ಕೆಂಪಗಿರುತ್ತದೋ ಹಸಿರಾಗಿರುತ್ತದೋ ಅದೂ ಗೊತ್ತಿರಲಿಲ್ಲ. ಪ್ರತಿಜ್ಞೆ ಮಾಡುವವನಿಗೆ ಇದೆಲ್ಲ ಗೊತ್ತಿರಬೇಕೆಂದು ಯಾವ ಪುರಾಣದಲ್ಲೂ ಹೇಳಿಲ್ಲ.

ಇಷ್ಟಕ್ಕೂ ಕಾರಣ, ಪಕ್ಕದ ಮೇಜಿನ ದೊರೆಸ್ವಾಮಿ ಹಳೇ ಪೇಪರಿನವನ ಹತ್ತಿರ ಎತ್ತಿಕೊಂಡು ಬಂದ ಒಂದು ಇಂಗ್ಲಿಷ್ ಪುಸ್ತಕ. ಜರ್ಮನಿ ಕಡೆಯ ದ್ರಾಕ್ಷಿ ತೋಟಗಳ ಪದ್ಧತಿ ಅದರಲ್ಲಿತ್ತು. ಸೀಮೆಗೊಬ್ಬರ ಹಾಕಕೂಡದು, ಔಷಧಿ ಹೊಡೆಯಕೂಡದು. ಕರು ಹಾಕಿದ ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗೆ ಮುಂಚೆ ಹೂಳಬೇಕು. ಚಳಿ ಕಳೆದ ಮೇಲೆ ತೆಗೆದು, ಅದರಲ್ಲಿ ಒಂದು ಹಿಡಿಯನ್ನು ನೀರಿಗೆ ಹಾಕಿ, ಬಲಕ್ಕೊಮ್ಮೆ ಎಡಕ್ಕೊಮ್ಮೆ ಒಂದು ಗಂಟೆ ತಿರುವಿ ನೆಲಕ್ಕೆ ಚಿಮುಕಿಸಬೇಕು. ಎಲ್ಲವೂ ಚಂದ್ರನ ಗತಿ ನೋಡಿಯೇ ಆಗಬೇಕು. ಹಣ್ಣನ್ನು ತೊಳೆಯದೆ ಹಿಸುಕಬೇಕು. ಸಿಪ್ಪೆಗೆ ಅಂಟಿದ ಕಣ್ಣಿಗೆ ಕಾಣದ ಜೀವಿಗಳೇ ರಸಕ್ಕೆ ಹುದುಗು ಬರಿಸಿ ವೈನಾಗಿಸುತ್ತವೆ. ನಮ್ಮ ಅಜ್ಜಿ ತಟ್ಟಿದ ಸಗಣಿಯೇ ಜರ್ಮನಿಗೆ ಹೋಗಿ ಡಿಗ್ರಿ ತಗೊಂಡು ಬಂದಿತ್ತು.

"ನಮ್ಮ ಹಿತ್ತಲಲ್ಲೂ ದ್ರಾಕ್ಷಿ ಚಪ್ಪರ ಇದೆ ಕಣೋ" ಎಂದೆ.

"ಹಿತ್ತಲು ನಿನ್ನದಲ್ಲ, ಮಹದೇವಮ್ಮನೋರದು" ಎಂದ ದೊರೆಸ್ವಾಮಿ.

ಅದು ನಿಜ. ಮೂರು ಮನೆ ಬದಲಾಯಿಸಿ, ಕೊನೆಗೆ ಚಾಮರಾಜಪುರಂನಲ್ಲಿ ಸಿಕ್ಕಿದ ಒಳ್ಳೆಯ ಬಾಡಿಗೆ ಮನೆ ಅದು. ಮುಂದಿನ ಭಾಗದಲ್ಲಿ ಯಜಮಾನಿ ಮಹದೇವಮ್ಮ, ಹಿಂದಿನ ಭಾಗದಲ್ಲಿ ನಾವು. ಬೀಗದ ಕೈ ಕೊಡುವಾಗಲೇ ಆಕೆ ಹೇಳಿದ್ದರು: "ಸೇದೋರು, ಕುಡಿಯೋರು ನನ್ನ ಮನೇಲಿ ಇರಕೂಡ್ದು. ಹಿಂದೆ ಇದ್ದೋರು ಒಂದೇ ಒಂದು ಬೀಡಿ ಹಚ್ಚಿದ್ರು. ಮಾರನೇ ದಿನ ಅವರ ಸಾಮಾನು ಬೀದೀಲಿತ್ತು."

ಆದ್ದರಿಂದ ನನ್ನ ಮಹಾಕಾರ್ಯ ಗುಟ್ಟಾಗಿ ನಡೆಯಬೇಕಿತ್ತು. ಪಂಚಾಂಗ ನೋಡುವವರು ಮೂಢರು ಎಂದು ಹನ್ನೆರಡು ವರ್ಷದಿಂದ ಹೆಂಡತಿ ಪಾರ್ವತಮ್ಮನಿಗೆ ಭಾಷಣ ಬಿಗಿದಿದ್ದ ನಾನು ಅವತ್ತು ಸಂಜೆ ಅದೇ ಪಂಚಾಂಗ ಹಿಡಿದು ಕೂತೆ.

"ಯಾರದ್ರೀ ಮದುವೆ?" ಎಂದಳು.

"ಸುಮ್ನೆ. ಚಂದ್ರ ಎಲ್ಲಿದ್ದಾನೆ ಅಂತ ನೋಡ್ತಿದ್ದೆ."

"ಅಂಗಳಕ್ಕೆ ಹೋಗಿ ತಲೆ ಎತ್ತಿದ್ರೆ ಕಾಣ್ತಾನೆ."

ಕೊಂಬಿನ ಬಾಚಣಿಗೆ ಮಾಡುವ ಜವರಪ್ಪನಿಂದ ಎರಡು ಕೊಂಬು ತಂದೆ. "ಎತ್ತಿಂದಾದ್ರೆ ಆಗಾಕಿಲ್ವಾ ಸ್ವಾಮಿ? ಹಸೂದೇ ಬೇಕಾ? ಅದೂ ಕರು ಹಾಕಿರೋದೇ ಬೇಕಾ?" ಎಂದು ಅವನು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದ. ನಮಗೆ ಹಾಲು ಹಾಕುವ ದೇವಿರಮ್ಮನ ಕೊಟ್ಟಿಗೆಯಿಂದ ಸಗಣಿ ಎತ್ತಿಕೊಂಡು ಬಂದೆ. ಕೇಳಿದರೆ ಕಾರಣ ಹೇಳಬೇಕಾಗುತ್ತಲ್ಲ ಎಂದು ಕೇಳಲಿಲ್ಲ. ಭಾನುವಾರ ಮಧ್ಯಾಹ್ನ ಹೆಂಗಸರಿಬ್ಬರೂ ಮಠಕ್ಕೆ ಹೋದಾಗ ಹಿತ್ತಲಲ್ಲಿ ಎರಡು ಕಡೆ ಹೂತೆ.

ಶಿವರಾತ್ರಿಗೆ ಮುಂಚೆ ಅಗೆದರೆ ಒಂದು ಕೊಂಬು ಸಿಕ್ಕಿತು. ಇನ್ನೊಂದು ಸಿಗಲಿಲ್ಲ. ಸರ್ವೆ ಆಫೀಸಿನವನು ನಾನು, ಹದಿನೆಂಟು ಹಳ್ಳಿಯ ಗಡಿಕಲ್ಲುಗಳು ನನಗೆ ಬಾಯಿಪಾಠ. ನಾನೇ ಹೂತ ಕೊಂಬು ಮಾತ್ರ ಯಾವ ನಕ್ಷೆಯಲ್ಲೂ ಇರಲಿಲ್ಲ! ಹೋಗಲಿ ಎಂದು ಸಿಕ್ಕಿದ್ದನ್ನೇ ಬಕೆಟ್ಟಿಗೆ ಹಾಕಿ ಒಂದು ಗಂಟೆ ತಿರುವಿದೆ.

"ಮನೇಲಿ ಮಜ್ಜಿಗೆ ಕಡೀರಿ ಅಂದ್ರೆ ಕೈ ನೋವು ಅಂತೀರಿ" ಎಂದಳು ಪಾರ್ವತಮ್ಮ.

ಯುಗಾದಿ ಕಳೆದ ಮೇಲೆ ಹಣ್ಣು ಬಂತು. ಹಿಸುಕಿ ಜಾಡಿಗೆ ತುಂಬಿ, ಬಟ್ಟೆ ಕಟ್ಟಿ, ಟಾನಿಕ್ಕು ಎಂದು ಹೇಳಿ ಅಟ್ಟಕ್ಕೇರಿಸಿದೆ. ಮುಚ್ಚಿಟ್ಟು ಸುಮ್ಮನಿರಿ ಎಂದು ಪುಸ್ತಕದಲ್ಲಿತ್ತು. ಸುಮ್ಮನಿರುವುದು ನನ್ನ ಜಾತಕದಲ್ಲಿಲ್ಲ. ದಿನಕ್ಕೆ ನಾಲ್ಕು ಸಲ ಏಣಿ ಹತ್ತಿ, ಬಟ್ಟೆ ಬಿಚ್ಚಿ, ಮಗುವಿನ ಮುಖ ನೋಡುವ ಹಾಗೆ ನೋಡಿ ಬರುತ್ತಿದ್ದೆ.

ಆ ಎರಡನೇ ಕೊಂಬು ಒಂದು ಸೋಮವಾರ ಬೆಳಿಗ್ಗೆ ಮಹದೇವಮ್ಮನಿಗೆ ಸಿಕ್ಕಿತು. ಕರಿಬೇವಿನ ಸಸಿ ನೆಡಲು ಗುಂಡಿ ತೋಡಿದ್ದರು. ಹಸುವಿನ ಕೊಂಬು, ಒಳಗೆ ಕರ್ರಗೆ ಏನೋ ತುಂಬಿದೆ, ಅದೂ ತಮ್ಮ ಹಿತ್ತಲಲ್ಲಿ!

"ಮಾಟ ಮಾಡ್ಸವ್ರೆ!" ಎಂದು ಅವರು ಕೂಗಿದ್ದಕ್ಕೆ ಇಡೀ ಬೀದಿ ಬಂದು ನಿಂತಿತು.

ಯಾರು ಮಾಡಿಸಿದ್ದು? ಹಿಂದಿನ ವಾರವಷ್ಟೇ ಮಹದೇವಮ್ಮನಿಗೂ ದೇವಿರಮ್ಮನಿಗೂ ಹಾಲಿಗೆ ನೀರು ಬೆರೆಸಿದ ವಿಚಾರಕ್ಕೆ ಜಗಳವಾಗಿತ್ತು. ಹಸು ಸಾಕಿದವಳು ಅವಳು, ದಿನಾ ಹಿತ್ತಲಿಗೆ ಬರುವವಳೂ ಅವಳೇ. ತೀರ್ಪಾಗಿಹೋಯಿತು. ಅವತ್ತೇ ಬೀದಿಯ ಐದು ಮನೆಯವರು ಅವಳ ಹಾಲು ನಿಲ್ಲಿಸಿದರು.

ನಾನು ಬಾಯಿ ಬಿಟ್ಟರೆ ನಮ್ಮ ಮನೆ ಹೋಗುತ್ತದೆ, ಬಿಡದಿದ್ದರೆ ದೇವಿರಮ್ಮನ ಹೊಟ್ಟೆಪಾಡು ಹೋಗುತ್ತದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲ ದಿನ ನಾನು ಬಾಯಿ ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ಅವಳು ತುಂಬಿದ ಬಿಂದಿಗೆ ಹಿಡಿದು ಮಹದೇವಮ್ಮನ ಮೆಟ್ಟಿಲಲ್ಲಿ ನಿಂತಿದ್ದಳು. "ನನ್ ಮಕ್ಳಾಣೆ, ನಾನಲ್ಲ ಕಣ್ರವ್ವ" ಎಂದಳು. ಒಳಗಿನಿಂದ ಯಾರೂ ಬರಲಿಲ್ಲ. ನಾನೇ ಹೋಗಿ ಬಾಗಿಲು ಬಡಿದೆ.

"ಅಮ್ಮಾ, ಆ ಕೊಂಬು ಹೂತಿದ್ದು ನಾನು."

ಮಹದೇವಮ್ಮ ಎರಡು ಹೆಜ್ಜೆ ಹಿಂದೆ ಸರಿದರು. "ಯಾರ ಮೇಲ್ರೀ ಮಾಟ?"

"ಮಾಟ ಅಲ್ಲಮ್ಮ. ಅದ್ರಲ್ಲಿರೋದು ಬಳ್ಳಿಗೆ ಹಾಕೋ ಸಗಣಿ. ವೈನಿಗೆ."

"ಹಂಗಂದ್ರೆ?"

"ದ್ರಾಕ್ಷೀದು... ಒಂಥರಾ ಹೆಂಡ."

"ಮಾಟ ಆಗಿದ್ರೆ ಒಂದು ನಿಂಬೇಹಣ್ಣಲ್ಲಿ ಹೋಗ್ತಿತ್ತು" ಎಂದರು. "ಇದಕ್ಕೆ ಪರಿಹಾರ ಇಲ್ಲ. ಅದನ್ನ ಇಲ್ಲಿ ತನ್ನಿ, ಕಣ್ಣಾರೆ ನೋಡಿ ಆಮೇಲೆ ಮನೆ ಖಾಲಿ ಮಾಡಿಸ್ತೀನಿ."

ಜಾಡಿ ಇಳಿಯಿತು. ಬಟ್ಟೆ ಬಿಚ್ಚಿದ ಕೂಡಲೇ ಎಲ್ಲರೂ ಮೂಗು ಮುಚ್ಚಿಕೊಂಡರು. ಪಾರ್ವತಮ್ಮ ಮಾತ್ರ ಮುಂದೆ ಬಂದು, ಬೆರಳದ್ದಿ ನಾಲಿಗೆಗಿಟ್ಟಳು. ಅವಳ ಒಂದು ಕಣ್ಣು ತಾನಾಗಿ ಮುಚ್ಚಿಹೋಯಿತು.

"ಇದು ಹೆಂಡ ಅಲ್ಲಮ್ಮ" ಎಂದಳು. "ಇದರ ಮುಂದೆ ಹುಣಿಸೇ ನೀರು ಪಾಯಸ."

ದಿನಕ್ಕೆ ನಾಲ್ಕು ಸಲ ನಾನು ಕುಡಿಸಿದ ಗಾಳಿ ತನ್ನ ಕೆಲಸ ಮಾಡಿ ಅದನ್ನು ಹುಳಿಗೆಡಿಸಿತ್ತು. ಆದರೂ ಏಳು ತಿಂಗಳ ತಪಸ್ಸು! "ಇಲ್ಲ, ಅದು ಇನ್ನೂ ಪಕ್ವ ಆಗ್ತಿರೋ..." ಎಂದು ಶುರುಮಾಡಿದೆ. ಪಾರ್ವತಮ್ಮ ನನ್ನ ಕಾಲು ತುಳಿದಳು.

"ನೀವೇ ಹೇಳಿ ಏಕಾಂತಯ್ಯನೋರೇ" ಎಂದು ಮಹದೇವಮ್ಮ ನನ್ನತ್ತ ತಿರುಗಿದರು. "ಇದು ಹೆಂಡಾನಾ, ಹುಳೀನಾ?"

ಒಂದು ಕಡೆ ಮೈಸೂರು ಸೀಮೆಯ ಮೊದಲ ವೈನು, ಇನ್ನೊಂದು ಕಡೆ ತಲೆಯ ಮೇಲಿನ ಸೂರು.

"ಹುಳಿ" ಎಂದೆ.

"ಹಂಗಾದ್ರೆ ಇರಿ. ಹೆಂಡ ಮಾಡೋಕೆ ಬಂದಿದ್ರೆ ಮನೆ ಬಿಡಿಸ್ತಿದ್ದೆ" ಎಂದು ಅವರು ಒಳಗೆ ಹೋಗಿ ಪಾತ್ರೆ ತಂದು ದೇವಿರಮ್ಮನ ಮುಂದೆ ಹಿಡಿದರು. ಎರಡು ಪಾವು ಜಾಸ್ತಿಯೇ ಹಾಲು ಹಾಕಿಸಿಕೊಂಡರು.

ದೇವಿರಮ್ಮ ನನ್ನ ಕಡೆ ತಿರುಗಿದಳು. "ಅಲ್ಲ ಬುದ್ದಿ, ಸಗ್ಣಿ ಬೇಕಿದ್ರೆ ಕೇಳ್ಬಾರ್ದಿತ್ತಾ? ಕೊಂಬ್ನಲ್ಲಿ ತುಂಬಿ ಹೂತಿಡಾಕೆ ಅದೇನ್ ಚಿನ್ವಾ? ಮೂರ್ ವರ್ಸದಿಂದ ದಿನಾ ಒಂದು ಮಂಕ್ರಿ ಆ ಬಳ್ಳಿ ಬುಡುಕ್ಕೆ ನಾನೇ ಆಕ್ತಾ ಇವ್ನಿ."

ಮುಂದಿನ ಸೋಮವಾರ ಮಹದೇವಮ್ಮನ ದೇವರ ಮನೆಯ ಹಿತ್ತಾಳೆ ದೀಪಗಳು ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದವು. ಹೊಳೆಯದೆ ಏನು? ಹೆಂಗಸರಿಬ್ಬರೂ ಸೇರಿ ನನ್ನ ವೈನಿನಲ್ಲಿ ತಿಕ್ಕಿದ್ದರು. ಸಂಜೆ ಮಹದೇವಮ್ಮ ಖಾಲಿ ಜಾಡಿ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ಮುಂದಿನ ವರ್ಷ ಗುರುಗಳು ಪಾದಪೂಜೆಗೆ ಬರ್ತಾರೆ, ಪಾತ್ರೆ ಬಹಳ ಇವೆ. ಇನ್ನೊಂದು ಜಾಡಿ ಮಾಡ್ಕೊಡಿ, ಮರೀಬೇಡಿ."

ನಾನು ಜಾಡಿ ತೆಗೆದುಕೊಂಡು ಕೂರುವಷ್ಟರಲ್ಲಿ ಪಾರ್ವತಮ್ಮ ಒಳಗಿನಿಂದ ಪಂಚಾಂಗ ತಂದು ನನ್ನ ತೊಡೆಯ ಮೇಲಿಟ್ಟಳು.

"ನೋಡಿ, ಚಂದ್ರ ಎಲ್ಲಿದ್ದಾನೆ ಅಂತ."