ಒಂದೇ ಮಾತಿನ ಇಂಗ್ಲಿಷ್ ಮೇಷ್ಟರು

ಇಂಗ್ಲಿಷ್ ಭಾಷೆಯಲ್ಲಿ ಕಲಿಯುವುದಕ್ಕೆ ಯೋಗ್ಯವಾದ ಮಾತು ಇರುವುದು ಒಂದೇ ಒಂದು ಎಂದು ನಂಬಿದ್ದ ಇಂಗ್ಲಿಷ್ ಮೇಷ್ಟರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದು ಮಾತ್ರವಲ್ಲ, ಅವರ ಮನೆಯ ಊಟವನ್ನೂ ಮಾಡಿದ್ದೇನೆ. ಅವರು ನನ್ನ ಸೋದರಮಾವ.

ಆ ಒಂದು ಮಾತು ‘ನೋ’.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮೇಡಮ್ಮನಾಗಲು ಟ್ರೈನಿಂಗ್ ಕಾಲೇಜು ಸೇರಿ, ಮತ್ತಿಕೆರೆಯಲ್ಲಿದ್ದ ಮಾವನ ಮನೆಯಲ್ಲಿ ಉಳಿದುಕೊಂಡಿದ್ದೆ. ಅದಕ್ಕೆ ಮೊದಲು ಹಾಸ್ಟೆಲಿನಲ್ಲಿ ಬೆಳೆದವಳು. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು. ಗಂಟೆ ಹೊಡೆಯದಿದ್ದರೆ ನನಗೆ ಹಸಿವೇ ಆಗುತ್ತಿರಲಿಲ್ಲ. ಕಾಲೇಜಿನಲ್ಲಿಯೂ ಅದೇ ಶಿಸ್ತು: ಪಾಠಕ್ಕೆ ಪೀಠಿಕೆ, ಪೀಠಿಕೆಗೆ ಪ್ರಶ್ನೆ, ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಕಪ್ಪುಹಲಗೆ. ಇಂಥ ನಾನು ಮಾವನ ಮನೆಯ ಜಗಲಿಗೆ ಬಂದು ಬಿದ್ದೆ!

ಮಾವ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟರು. ಸರ್ಕಾರದ ಲೆಕ್ಕದಲ್ಲಿ ಅವರಿಗೂ ಇಂಗ್ಲಿಷಿಗೂ ಸಂಬಂಧವಿಲ್ಲ. ಆದರೆ ಬೆಳಗಾಗುತ್ತಲೇ ಜಗಲಿಯ ಮೇಲೆ ಚಾಪೆ ಬಿಚ್ಚುತ್ತಿದ್ದರು. ತೋಟದವರು, ಗಾಡಿ ಹೊಡೆಯುವವರು, ಕೆಲಸಕ್ಕಾಗಿ ಹೊಸ ಕಾರ್ಖಾನೆಗಳ ಬಾಗಿಲು ಕಾಯುತ್ತಿದ್ದ ಊರಿನವರು, ಎಲ್ಲರೂ ತಲೆಗೆ ಟವಲು ಸುತ್ತಿಕೊಂಡು ಬಂದು ಇಂಗ್ಲಿಷ್ ಕಲಿಯಲು ಕೂರುತ್ತಿದ್ದರು. ಮಾವ ಕಾಸು ಮುಟ್ಟುತ್ತಿರಲಿಲ್ಲ. ಯಾರಾದರೂ ಸೊಪ್ಪು ತಂದರೆ ಮಾತ್ರ ಅತ್ತೆಯ ಕಡೆ ನೋಡುತ್ತಿದ್ದರು.

ಇವರಿಗೇಕೆ ಈ ಉಸಾಬರಿ? ಕೇಳದವರಿಲ್ಲ. ಕೇಳಿದವರಿಗೆಲ್ಲ ಒಂದೊಂದು ಉತ್ತರ. ಹೆಡ್‌ಮಾಸ್ಟರು ಕೇಳಿದರೆ, “ಗಂಟಲಿಗೆ ವ್ಯಾಯಾಮ ಬೇಕು ಅಂತ ಡಾಕ್ಟ್ರು ಹೇಳಿದಾರೆ ಸಾರ್.” ಅತ್ತೆ ಕೇಳಿದರೆ, “ಜಗಲಿ ಖಾಲಿ ಬಿಟ್ರೆ ಪಕ್ಕದ ಮನೆಯೋರು ಬಂದು ಕೂತ್ಕೋತಾರೆ ಕಣೇ.” ಕಾಲೇಜಿನಲ್ಲಿ ‘ನೀವು ಶಿಕ್ಷಕರಾಗಬಯಸುವುದೇಕೆ?’ ಎಂದು ನಮಗೆ ಪ್ರಬಂಧ ಬರೆಯಲು ಕೊಟ್ಟಿದ್ದರು. ತರಗತಿಯ ಅಷ್ಟೂ ಜನ ‘ನಾಡಿನ ಸೇವೆಗಾಗಿ’ ಎಂದು ಬರೆದಿದ್ದೆವು. ಮಾವನ ಬಳಿ ಇನ್ನೂ ಗಂಭೀರವಾದ ಕಾರಣವಿರಬಹುದೆಂದು ನಾನೂ ಕೇಳಿದೆ.

“ಎರಡೆರಡ್ಲೆ ನಾಲ್ಕು ಅಂತ ಎಷ್ಟು ವರ್ಷ ಹೇಳೋದೇ? ಒಂದಿನಾನಾದ್ರೂ ಐದಾಗುತ್ತಾ ನೋಡ್ದೆ. ಆಗ್ಲಿಲ್ಲ. ಇಂಗ್ಲಿಷಿಗೆ ಬಂದ್ಬಿಟ್ಟೆ” ಎಂದರು.

ಮುಖದಲ್ಲಿ ನಗುವಿರಲಿಲ್ಲ. ಅವರ ಮುಖದಲ್ಲಿ ನಗು ಇರುತ್ತಲೇ ಇರಲಿಲ್ಲ. ಆದ್ದರಿಂದ ಯಾವುದು ನಿಜ, ಯಾವುದು ಹುಡುಗಾಟ ಎಂದು ತಿಳಿಯುವ ಮಾರ್ಗವೂ ಇರಲಿಲ್ಲ.

‘ನೋ’ ಬಗ್ಗೆ ಮಾತ್ರ ಅವರ ವಾದ ಒಂದೇ. “ಯೆಸ್ ಅನ್ನೋದನ್ನ ನಮ್ಮೋರಿಗೆ ಕಲಿಸ್ಬೇಕಾ? ಹುಟ್ಟುತ್ತಲೇ ಕಲಿತು ಬಂದಿರ್ತಾರೆ. ದೊಡ್ಡೋರು ಹೇಳಿದ್ರೆ ಆಯ್ತು, ಸಾಹುಕಾರ ಹೇಳಿದ್ರೆ ಆಯ್ತು, ಅಮಲ್ದಾರ ಹೇಳಿದ್ರೆ ಎರಡು ಸಲ ಆಯ್ತು. ಇಲ್ಲ ಅನ್ನೋಕೆ ಕನ್ನಡದಲ್ಲಿ ನಾಲಿಗೆ ಏಳಲ್ಲ. ಇಂಗ್ಲಿಷಲ್ಲಾದ್ರೂ ಅನ್ಲಿ. ಅಲ್ಲಿ ಅವರ ತಾತ ಮುತ್ತಾತ ಯಾರೂ ಕೇಳಿಸ್ಕೊಳ್ಳೋಲ್ಲ.”

ಹಾಗಾಗಿ ಮೊದಲ ಪಾಠವೇ ಮೇಷ್ಟರಿಗೆ ‘ನೋ’ ಎನ್ನುವುದು. ಅಲ್ಲಿಯೇ ತೊಡಕು! ಮೇಷ್ಟರಿಗೆ ಇಲ್ಲ ಎನ್ನುವುದುಂಟೆ? ಹೆಬ್ಬಾಳದ ದ್ರಾಕ್ಷಿ ತೋಟದ ಮುನಿಯಪ್ಪ ಎಂಬವನು ಎದ್ದು ನಿಂತು, ಕೈ ಮುಗಿದು, ಕಣ್ಣು ಮುಚ್ಚಿ, “ತಪ್ಪು ತಿಳ್ಕಾಬ್ಯಾಡಿ ಸಾಮಿ... ನೋ” ಎಂದ. ಆಮೇಲೆ ಕೆನ್ನೆ ಕೆನ್ನೆ ಬಡಿದುಕೊಂಡ.

ಇದಕ್ಕೆ ಅಭ್ಯಾಸ ಸಾಲದು ಎಂದು ಮಾವ ಒಂದು ಉಪಾಯ ಮಾಡಿದರು. ತಾವು ಒಬ್ಬೊಬ್ಬರ ಮುಂದೆಯೂ ನಿಂತು, “ವಿಲ್ ಯೂ ಹ್ಯಾವ್ ಕಾಫಿ?” ಎನ್ನುವುದು, ಅವರು “ನೋ” ಎನ್ನುವುದು. ಇದು ಬಲು ಸಲೀಸಾಗಿ ನಡೆಯಿತು. ಚಾಪೆಯ ಈ ತುದಿಯಿಂದ ಆ ತುದಿಯವರೆಗೆ ನೋ, ನೋ, ನೋ! ಮಾವನಿಗೆ ಜೀವನದಲ್ಲಿ ಅಷ್ಟು ಸಂತೋಷವಾದದ್ದನ್ನು ನಾನು ಕಂಡಿರಲಿಲ್ಲ. ಅವರ ಹುಬ್ಬು ಒಂದಿಷ್ಟು ಮೇಲೆ ಹೋಯಿತು.

ಅತ್ತೆ ಒಳಗಿನಿಂದ ತಟ್ಟೆಯ ತುಂಬ ಕಾಫಿ ಲೋಟ ಹೊತ್ತು ತಂದರು. ಎಲ್ಲರೂ ತೆಗೆದುಕೊಂಡು ಕುಡಿದರು.

ಮಾವ ಗುಡುಗಿದರು: “ನೋ ಅಂದ್ರಲ್ರಯ್ಯಾ!”

“ಅದು ಇಂಗ್ಲೀಸ್ನಾಗೆ ಸಾಮಿ” ಎಂದ ಮುನಿಯಪ್ಪ, ಲೋಟ ಊದುತ್ತಾ. “ಕನ್ನಡದಾಗೆ ಬೇಕು.”

ಬೇಡ ಬೇಡ ಎಂದು ಹೇಳಿ ಆಮೇಲೆ ಕುಡಿಯುವುದು ನಮ್ಮ ಕಡೆಯ ಮರ್ಯಾದೆ. ಮೊದಲ ಸಲಕ್ಕೇ ಕೈ ಚಾಚಿದವನನ್ನು ಯಾರು ಮನುಷ್ಯನೆಂದು ಎಣಿಸುತ್ತಾರೆ? ಪಾಪ, ಅವರು ಮಾವನ ಪಾಠವನ್ನು ಮರ್ಯಾದೆಯ ಪಾಠವೆಂದೇ ತಿಳಿದಿದ್ದರು. ಅತ್ತೆ ಮಾತ್ರ ಬಾಗಿಲಲ್ಲಿ ನಿಂತು, “ನನ್ನ ಕಾಫಿ ಬೇಡ ಅನ್ನೋಕೆ ಒಂದು ಶಾಲೆ ಬೇರೆ!” ಎಂದು ಹೇಳಿ ಒಳಗೆ ಹೋದರು. ಅಂದು ನಮಗೆ ಸಾರಿನಲ್ಲಿ ಉಪ್ಪಿರಲಿಲ್ಲ. ‘ನೋ’ ಎನ್ನುವ ಧೈರ್ಯ ಮಾವನಿಗೂ ಬರಲಿಲ್ಲ.

ಮುನಿಯಪ್ಪ ದಂಡಿನ, ಅಂದರೆ ಕಂಟೋನ್ಮೆಂಟಿನ, ಬಂಗಲೆಗಳಿಗೆ ದ್ರಾಕ್ಷಿ ಮಾರುತ್ತಿದ್ದ. ಬಂಗಲೆಯ ಅಮ್ಮಂದಿರು ಎಷ್ಟಕ್ಕೆ ಕೇಳಿದರೂ “ಯೆಸ್ ಮೇಡಂ” ಎಂದು ಕೊಟ್ಟು ಬರುತ್ತಿದ್ದ. ಮಾವ ಅವನನ್ನು ವಾರಗಟ್ಟಲೆ ಪಳಗಿಸಿದರು. ಒಂದು ದಿನ ಮುನಿಯಪ್ಪ ಯುದ್ಧಕ್ಕೆ ಹೊರಡುವವನಂತೆ ಬುಟ್ಟಿ ಹೊತ್ತು ಹೋದ. ಮರುದಿನ ಬಂದಾಗ ಮುಖ ಫಳಫಳ ಹೊಳೆಯುತ್ತಿತ್ತು.

“ಎಲ್ಲಾ ಬಂಗ್ಲೆಗೂ ಓಗಿ ನೋ ಅಂದ್ಬುಟ್ಟೆ ಸಾಮಿ! ಒಬ್ಬೊಬ್ಬಮ್ಮನೂ ಎಂಗೆ ಬಾಯ್ ಬಿಟ್ಕೊಂಡು ನಿಂತ್ಕಂಡ್ರು ಅಂತೀರಾ!”

“ಭೇಷ್. ದ್ರಾಕ್ಷಿ?”

“ಅಂಗೇ ಐತೆ.”

ಅಂದು ಜಗಲಿಯಲ್ಲಿ ಎಲ್ಲರೂ ದ್ರಾಕ್ಷಿ ತಿಂದೆವು. ನಾಲ್ಕು ದಿನ ಅದನ್ನೇ ತಿಂದೆವು. ನಾನು ಮಾವನಿಗೆ ವಿನಯದಿಂದ, ಪಾಠಕ್ಕೊಂದು ಯೋಜನೆ ಇರಬೇಕು, ಪೀಠಿಕೆ ಇರಬೇಕು ಎಂದೆ. ಮಾವ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡು, “ನಷ್ಟ ಆಗಿದ್ರೂ ಅವನು ಖುಷಿಯಾಗಿದಾನೆ, ಗಮನಿಸ್ದೆಯಾ?” ಎಂದರು. ಇದನ್ನು ಕಪ್ಪುಹಲಗೆಯ ಮೇಲೆ ಯಾವ ಜಾಗದಲ್ಲಿ ಬರೆಯುವುದು?

ಆ ಮುನಿಯಪ್ಪನೇ ಒಂದು ಬೆಳಗ್ಗೆ ತನ್ನ ತೋಟದಲ್ಲಿ ಕೂಲಿ ಮಾಡುತ್ತಿದ್ದ ವೆಂಕಟಮ್ಮನನ್ನು ಕರೆತಂದ. ಇಪ್ಪತ್ತೈದರ ಒಳಗಿನ ಹೆಣ್ಣುಮಗಳು. ಮದುವೆ ಮಾಡಿ ಕೊಟ್ಟದ್ದು ಅಟ್ಟೂರಿಗೆ. ಗಂಡ ತೀರಿಕೊಂಡ ಮೇಲೆ ತವರಿಗೆ, ಮತ್ತಿಕೆರೆಗೆ ಬಂದಿದ್ದಳು. ಪುಟ್ಟ ಮಗಳನ್ನು ಮಾತ್ರ ಗಂಡನ ಅಣ್ಣ ಅಟ್ಟೂರಿನಲ್ಲಿಯೇ ಇರಿಸಿಕೊಂಡಿದ್ದ. ಅವಳು ತವರಿಗೆ ಹೊರಟ ದಿನ, “ನಿಂಗೇ ನೆಲೆ ಇಲ್ಲ, ಮಗೀನ ಎಲ್ಲಿಟ್ಕಂತೀಯ? ಇಲ್ಲೇ ಇರ್ಲಿ” ಎಂದಿದ್ದನಂತೆ.

“ನೀನೇನಂದೆಯಮ್ಮ?” ಎಂದು ಮಾವ ಕೇಳಿದರು.

ವೆಂಕಟಮ್ಮ ನೆಲ ನೋಡಿದಳು. “ದೊಡ್ಡೋರು... ಆಯ್ತು ಬಾವ ಅಂದೆ.”

ಜಗಲಿಯಲ್ಲಿ ಯಾರೂ ನಗಲಿಲ್ಲ.

ಈಗ ಆ ಭಾವ ಮಗುವನ್ನು ದೇವನಹಳ್ಳಿಯ ಕಡೆ ಇದ್ದ ತನ್ನ ಹೆಂಡತಿಯ ತವರಿಗೆ, ಎಮ್ಮೆ ಕಾಯಲು ಕಳಿಸುವುದೆಂದು ತೀರ್ಮಾನಿಸಿದ್ದ. ಅಷ್ಟರೊಳಗೆ ವೆಂಕಟಮ್ಮನಿಗೊಂದು ನೆಲೆ ಬೇಕಾಗಿತ್ತು. ಹೆಬ್ಬಾಳದ ದಾರಿಯಲ್ಲಿ ವಿದೇಶದ ಸನ್ಯಾಸಿನಿಯರು ನಡೆಸುತ್ತಿದ್ದ ಸಣ್ಣ ಆಸ್ಪತ್ರೆಯೊಂದರಲ್ಲಿ ಆಯಾ ಬೇಕಾಗಿದ್ದಳು. ಹಿತ್ತಲಲ್ಲಿ ಒಂದು ಕೋಣೆ ಕೊಡುತ್ತಾರೆ, ಮಗುವನ್ನೂ ಇಟ್ಟುಕೊಳ್ಳಬಹುದು. ಆದರೆ ಅಲ್ಲಿಯ ದೊಡ್ಡ ಸಿಸ್ಟರಿಗೆ ಕನ್ನಡ ಬಾರದು; ಇಂಗ್ಲಿಷಿನಲ್ಲಿ ನಾಲ್ಕು ಮಾತು ತಿಳಿಯದವಳು ಅವರಿಗೆ ಬೇಡ.

ಮಾವ ಅಂದೇ ಶುರುಮಾಡಿದರು. ತಮ್ಮ ಸಿದ್ಧಾಂತವನ್ನು ಸ್ವಲ್ಪ ಸಡಿಲಿಸಿ, ನೀರು, ಹಾಸಿಗೆ, ನೋವು, ಕೂರು, ಏಳು, ಹತ್ತಿರ, ದೂರ, ಹೀಗೆ ಬೇಕಾದಷ್ಟು ಮಾತು ಕಲಿಸಿದರು. ಹುಡುಗಿ ಚುರುಕು. ಒಂದು ಸಲ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ನಾನೂ ಕಾಲೇಜಿನ ಪದ್ಧತಿಯಂತೆ ಪೆನ್ನು ಎತ್ತಿ ಹಿಡಿದು, “ದಿಸ್ ಈಸ್ ಎ ಪೆನ್” ಎಂದು ಹೇಳಿಕೊಟ್ಟೆ.

“ರೋಗಿಗಳು ಪೆನ್ ಕೇಳ್ತಾರೇನೇ?” ಎಂದು ಹೇಳಿ ಮಾವ ಪೆನ್ನನ್ನು ಕಿತ್ತು ಕಿಸೆಗೆ ಹಾಕಿಕೊಂಡರು. ಅದು ನನಗೆ ವಾಪಸ್ಸು ಸಿಗಲಿಲ್ಲ.

ಎಲ್ಲ ಬಂತು. ‘ನೋ’ ಒಂದು ಬರಲಿಲ್ಲ.

“ವಿಲ್ ಯೂ ಕಮ್ ಲೇಟ್?”

“ಯೆಸ್ ಸಾರ್.”

“ವಿಲ್ ಯೂ ಬೀಟ್ ದಿ ಪೇಷೆಂಟ್?”

“ಯೆಸ್ ಸಾರ್.”

“ವಿಲ್ ಯೂ ಜಂಪ್ ಇಂಟು ಹೆಬ್ಬಾಳ ಟ್ಯಾಂಕ್?”

“ಯೆಸ್ ಸಾರ್.”

ಅರ್ಥವಾಗದೆ ಹೇಳುತ್ತಿದ್ದಳೆಂದುಕೊಳ್ಳಬೇಡಿ. ಕನ್ನಡದಲ್ಲಿ ಕೇಳಿದರೂ, “ನೀವು ಬೀಳು ಅಂದ್ರೆ ಬೀಳ್ಬೇಕಲ್ಲ ಮೇಷ್ಟ್ರೇ” ಎನ್ನುತ್ತಿದ್ದಳು. ಕಾಫಿಯ ಉಪಾಯವೂ ಫಲಿಸಲಿಲ್ಲ. ಅವಳು “ಯೆಸ್ ಸಾರ್” ಎಂದು ಹೇಳಿ, ತಾನೇ ಒಳಗೆ ಹೋಗಿ, ಅತ್ತೆಗೆ ಒಲೆ ಊದಿಕೊಟ್ಟು, ಎಲ್ಲರಿಗೂ ಕಾಫಿ ತಂದುಕೊಟ್ಟಳು. ಇಡೀ ಶಾಲೆಯಲ್ಲಿ ಅತ್ತೆಯ ಮೆಚ್ಚುಗೆ ಪಡೆದ ವಿದ್ಯಾರ್ಥಿನಿ ಅವಳೊಬ್ಬಳೇ.

ಮಾವನಿಗೆ ಊಟ ಸೇರದಾಯಿತು. “ಯೆಸ್ ಅಂದು ಮಗೂನೇ ಬಿಟ್ಟು ಬಂದೋಳು ಕಣೇ ಅವಳು. ಅಲ್ಲೂ ಎಲ್ಲಕ್ಕೂ ಯೆಸ್ ಅಂದ್ರೆ ಆ ಸಿಸ್ಟರು ಇಟ್ಕೋತಾರಾ?” ಎಂದು ತಟ್ಟೆಯ ಅನ್ನವನ್ನು ಕಲಸುತ್ತಲೇ ಇದ್ದರು.

ಸಿಸ್ಟರು ಕರೆದಿದ್ದ ದಿನ ಮಾವ, ನಾನು, ವೆಂಕಟಮ್ಮ ಮೂವರೂ ಆಸ್ಪತ್ರೆಗೆ ಹೋದೆವು. ಅವಳು ನನ್ನ ಸೀರೆ ಉಟ್ಟಿದ್ದಳು. ದೊಡ್ಡ ಸಿಸ್ಟರು ಬಿಳಿಯ ನಿಲುವಂಗಿಯ ನಿಡಿದಾದ ಹೆಂಗಸು. ಮಾವನನ್ನೂ ನನ್ನನ್ನೂ ಬಾಗಿಲ ಬಳಿಯ ಬೆಂಚಿನಲ್ಲಿ ಕೂರಿಸಿ, ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಬಾಯಿ ತೆರೆದರೆ ಹೊರಗೆ ಎಂದು ಅದರ ಅರ್ಥ. ಇಷ್ಟು ಸ್ಪಷ್ಟವಾದ ಶಿಸ್ತು ಕಂಡು ನನಗೆ ಹಾಸ್ಟೆಲಿನ ನೆನಪಾಗಿ ಹಾಯೆನಿಸಿತು.

ಸಿಸ್ಟರು ನಿಧಾನವಾಗಿ, ಮಾತು ಬಿಡಿಸಿ ಬಿಡಿಸಿ ಕೇಳಿದರು. ಗುಡಿಸುತ್ತೀಯಾ? ಯೆಸ್. ರೋಗಿಗಳನ್ನು ಎತ್ತುತ್ತೀಯಾ? ಯೆಸ್. ಬಟ್ಟೆ ಒಗೆಯುತ್ತೀಯಾ? ಯೆಸ್. ಇಲ್ಲಿಯವರೆಗೆ ಅಪಾಯವಿಲ್ಲ.

ಆಮೇಲೆ ಸಿಸ್ಟರು ಪೆನ್ನು ಹಿಡಿದು ಮುಂದಕ್ಕೆ ಬಾಗಿದರು.

“ಆಫ್ಟರ್ ಆಪರೇಷನ್. ಪೇಷೆಂಟ್ ಸೇಸ್, ವಾಟರ್, ವಾಟರ್. ಡಾಕ್ಟರ್ ಸೇಸ್, ನೋ ವಾಟರ್. ಯೂ ಗಿವ್?”

ವೆಂಕಟಮ್ಮನಿಗೆ ಅರ್ಥವಾಯಿತು. ಅರ್ಥವಾದದ್ದು ಅವಳ ಬೆನ್ನಿನಲ್ಲಿಯೇ ನನಗೆ ಕಂಡಿತು. ನೀರು ಕೇಳಿದವರಿಗೆ ಇಲ್ಲ ಎನ್ನುವುದೇ? ನಮ್ಮ ಕಡೆ ಹಗೆಯವನು ಬಂದು ಕೇಳಿದರೂ ಚೊಂಬು ಕೊಟ್ಟ ಮೇಲೆಯೇ ಜಗಳ. ಅದಕ್ಕಿಂತ ದೊಡ್ಡ ಪಾಪ ಅವಳಿಗೆ ಗೊತ್ತಿರಲಿಲ್ಲ. ಹಿಂದಿನ ಇಬ್ಬರು ಆಯಾಗಳು ಕೆಲಸ ಕಳೆದುಕೊಂಡದ್ದೂ ಇದೇ ಕಾರಣಕ್ಕೆಂದು ಆಮೇಲೆ ತಿಳಿಯಿತು. ಕರುಳು ತಡೆಯದೆ, ಸೆರಗು ಒದ್ದೆ ಮಾಡಿ ರೋಗಿಯ ಬಾಯಿಗೆ ಹಿಂಡಿದ್ದರಂತೆ.

ನನ್ನ ಪಕ್ಕದಲ್ಲಿ ಮಾವನ ತುಟಿಗಳು ದುಂಡಗಾಗಿ, ಶಬ್ದವಿಲ್ಲದೆ ಆ ಒಂದು ಮಾತನ್ನು ಮತ್ತೆ ಮತ್ತೆ ಆಡುತ್ತಿದ್ದವು. ಅವಳಿಗೆ ಅದು ಕಾಣಬೇಕಲ್ಲ! ಅವಳ ಬೆನ್ನು ನಮ್ಮ ಕಡೆಗಿತ್ತು.

“ನೋ” ಎಂದಳು ವೆಂಕಟಮ್ಮ.

ಸಿಸ್ಟರು ಏನೋ ಗುರುತು ಹಾಕಿಕೊಂಡರು. ಮಾವ ಉಸಿರು ಬಿಟ್ಟರು. ಮುಗಿಯಿತೆಂದುಕೊಂಡು ನಾನು ಎದ್ದೆ. ಆದರೆ ವೆಂಕಟಮ್ಮ ಮುಗಿಸಿರಲಿಲ್ಲ.

“ನೋ ವಾಟರ್” ಎಂದಳು ಮತ್ತೊಮ್ಮೆ. ಆಮೇಲೆ, ಯಾರೂ ಕೇಳದಿದ್ದರೂ, ಒಂದೊಂದೇ ಮಾತನ್ನು ಹುಡುಕಿ ತಂದು ಇಟ್ಟಳು: “ಐ ಸಿಟ್. ನಿಯರ್.” ಎದುರಿನ ಗಾಳಿಯಲ್ಲಿ ಕಾಣದ ಒಂದು ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ತೋರಿಸಿದಳು.

ಸಿಸ್ಟರು ಪೆನ್ನು ಕೆಳಗಿಟ್ಟರು. “ಆಲ್ ನೈಟ್?”

“ಯೆಸ್” ಎಂದಳು. ಜಗಲಿಯ ಮೇಲೆ ಅವಳ ಎಷ್ಟೋ ಯೆಸ್‌ಗಳನ್ನು ನಾನು ಕೇಳಿದ್ದೆ. ಇದನ್ನು ಮೊದಲ ಸಲ ಕೇಳಿದೆ.

ಸೋಮವಾರದಿಂದ ಬರಬೇಕು, ಮಗುವನ್ನೂ ಕರೆತರಬೇಕು ಎಂದರು ಸಿಸ್ಟರು.

ರಸ್ತೆಗೆ ಬಂದು ಬಸ್ಸಿಗೆ ಕಾದು ನಿಂತೆವು. ಮಾವ ವೆಂಕಟಮ್ಮನ ಕಡೆ ನೋಡದೆ ರಸ್ತೆಯನ್ನೇ ನೋಡುತ್ತಿದ್ದರು. ವೆಂಕಟಮ್ಮನಿಗೆ ಭಯವಾಯಿತು. “ಮೇಷ್ಟ್ರೇ, ನೀವು ಕಲಿಸ್ದಂಗೆ ನೋ ಅಂದು ಸುಮ್ಕಿರ್ಬೇಕಾಗಿತ್ತು. ನಾನೇ ಏನೇನೋ ಸೇರಿಸ್ಬುಟ್ಟೆ. ತಪ್ಪಾಯ್ತಾ?”

ಮಾವ ಛತ್ರಿಯನ್ನು ನನ್ನ ಕೈಗೆ ಕೊಟ್ಟು, ಎರಡೂ ಕೈ ಜೋಡಿಸಿ, ಅವಳಿಗೆ ನಮಸ್ಕಾರ ಮಾಡಿದರು.

“ಅಯ್ಯೋ, ಬುಡ್ತು ಅನ್ನಿ ಸಾಮಿ! ನೀವು ನಂಗೆ ಕೈ ಮುಗಿಯಾದಾ!” ಎಂದು ಅವಳು ಹಿಂದೆ ಸರಿದಳು.

ಅಷ್ಟರಲ್ಲಿ ಯಲಹಂಕದ ಬಸ್ಸು ಬಂತು. ಅಲ್ಲಿ ಇಳಿದರೆ ಅಟ್ಟೂರು ನಡಿಗೆಯ ದಾರಿ. ವೆಂಕಟಮ್ಮ ನಮ್ಮ ಕಡೆ ತಿರುಗಿಯೂ ನೋಡದೆ, ಸೀರೆ ಎತ್ತಿ ಹಿಡಿದುಕೊಂಡು ಓಡಿ ಹತ್ತಿದಳು, ಮಗಳನ್ನು ಕರೆತರಲು. ಬಸ್ಸು ಧೂಳೆಬ್ಬಿಸಿಕೊಂಡು ಏರು ಹತ್ತಿ ಮರೆಯಾಯಿತು. ಮಾವ ಜೋಡಿಸಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ.